ಸುಣ್ಣ ನಿಲ್ಲದ ಕಂಬ

ನಾಲ್ಕು ವರ್ಷ ನನ್ನ ಜೊತೆ ಒಂದು ಮಾತೂ ಆಡದಿದ್ದ ಅಕ್ಕ ಅವತ್ತು ಬೆಳಗ್ಗೆ ಕಂಪ್ಲಿಯಿಂದ ಫೋನ್ ಮಾಡಿದಳು. ಹೊಸಪೇಟೆಯ ನನ್ನ ವರ್ಕ್‌ಶಾಪಿನಲ್ಲಿ ಗ್ರೈಂಡರ್ ಕಿರುಚುತ್ತಿತ್ತು. ಪರದೆಯ ಮೇಲೆ ಅವಳ ಹೆಸರು ಕಂಡ ಕೂಡಲೇ ಯಾರೋ ಹೋಗಿಬಿಟ್ಟಿರಬೇಕು ಅಂದುಕೊಂಡೆ. ಗ್ರೈಂಡರ್ ನಿಲ್ಲಿಸ್ರೋ ಅಂತ ಕೂಗಿ ಹೊರಗೆ ಬಂದು ಫೋನು ಕಿವಿಗಿಟ್ಟುಕೊಂಡೆ.

"ತಮ್ಮಾ, ಸುಣ್ಣ ನಿಂದ್ರವಲ್ದು," ಅಂದಳು.

ಹೇಗಿದ್ದೀ ಅಂತಿಲ್ಲ, ಮಕ್ಕಳು ಹೇಗಿದ್ದಾರೆ ಅಂತಿಲ್ಲ. ನಿನ್ನೆ ಸಂಜೆ ಅರ್ಧಕ್ಕೆ ಬಿಟ್ಟ ಮಾತನ್ನು ಇವತ್ತು ಮುಂದುವರಿಸಿದ ಹಾಗೆ ಇತ್ತು ಅವಳ ದನಿ. ನಾನೂ ಹಾಗೇ ಕೇಳಿದೆ. "ಯಾವ ಸುಣ್ಣ?"

"ಗಿರಣ್ಯಾಗಿನ ದೀಪದ ಗೂಡಿಂದು. ಪಂಚಮಿ ಬಂತಲ್ಲಾ ಅಂತ ಹಚ್ಚಿದೆ. ಎಲ್ಲಾ ಕಡೆ ಹಿಡಿತೈತಿ, ಗೂಡಿನ ಎರಡೂ ಮಗ್ಗಲಿಗೆ ಅಷ್ಟ ಉದುರತೈತಿ. ಮತ್ತ ಹಚ್ಚಿದೆ, ಮತ್ತ ಉದುರ್ತು. ಮೂರ್ ಸಲ ಆತು ನೋಡು. ಅದ ಸುಣ್ಣ ಅಡಿಗಿ ಮನಿ ಗ್ವಾಡಿಗೆ ಹಚ್ಚೀನಿ, ಛಂದಾಗಿ ನಿಂತೈತಿ."

ಫೋಟೋ ಕಳಿಸು ಅಂದೆ. ಬಂತು. ಅದು ಗೋಡೆಯ ಗೂಡಲ್ಲ, ಕಬ್ಬಿಣದ ಕಂಬದಲ್ಲಿ ಕತ್ತರಿಸಿದ ಚೌಕದ ಕಿಂಡಿ. ಒಳಗೆ ಎಣ್ಣೆ ಜಿಡ್ಡಿನ ಹಿತ್ತಾಳೆ ದೀಪ. ಸುತ್ತ ಅಕ್ಕ ಬಳಿದ ಸುಣ್ಣ, ಸುಣ್ಣಕ್ಕೆ ಕೆಮ್ಮಣ್ಣಿನ ಅಂಚು. ಕಿಂಡಿಯ ನಾಲ್ಕು ಮೂಲೆಗಳಿಂದ ಹೊರಟು ಓರೆಯಾಗಿ ಸಾಗಿದ ಸಣ್ಣ ಸಣ್ಣ ಗೆರೆಗಳು. ಆ ಗೆರೆಗಳ ಮೇಲಷ್ಟೇ ಸುಣ್ಣ ಎದ್ದು ಉದುರಿ, ಕೆಳಗಿನ ಕೆಂಪು ಬಣ್ಣ ಕಾಣುತ್ತಿತ್ತು. ಕೂಡಲೇ ತಿರುಗಿ ಫೋನ್ ಮಾಡಿದೆ.

"ಕಂಬದ ಮ್ಯಾಲೆ ಏನರ ಹೊಸಾದು ಕುಂದ್ರಿಸೀರೇನು?"

"ಹೋದ ತಿಂಗಳು ನಿಮ್ಮ ಮಾವ ಭತ್ತದ ಟ್ಯಾಂಕಿ ಕುಂದ್ರಿಸ್ಯಾರ. ಈಗ ದಿನಾ ಅದಕ್ಕ ಭತ್ತಾ ತುಂಬಾಕತ್ಯಾರ."

"ಅಕ್ಕಾ, ಆ ಕಂಬದ ಹತ್ರ ಯಾರನ್ನೂ ಬಿಡಬ್ಯಾಡ. ಈಗ ಹೊಂಟೆ."

"ಬಿಡಂಗಿಲ್ಲ," ಅಂದಳು. ಯಾಕೆ ಅಂತ ಕೇಳಲಿಲ್ಲ.

ನಾವಿಬ್ಬರೂ ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅಪ್ಪ ಡ್ಯಾಮಿನ ಗೇಟುಗಳಿಗೆ ಗ್ರೀಸು ಹಚ್ಚುವ ಕೆಲಸದಲ್ಲಿದ್ದ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಸಂಜೆ ಕಾಲುವೆ ಸೇತುವೆಯ ಮೇಲೆ ನನ್ನ ಅಂಗಿಯ ಕಾಲರ್ ಹಿಡಿದುಕೊಂಡು ನಿಲ್ಲುತ್ತಿದ್ದಳು, ನಾನು ಬಗ್ಗಿ ನೀರಿಗೆ ಬಿದ್ದೇನು ಅಂತ. ಬೇವಿನ ಎಲೆ ಕಿತ್ತು ಒಂದೊಂದೇ ನೀರಿಗೆ ಬಿಡುವುದು ನಮ್ಮ ಆಟ. ನಡು ಕಾಲುವೆಯಲ್ಲಿ ಮೆಲ್ಲಗೆ ಬರುವ ಎಲೆ ಸೇತುವೆಯ ಕಂಬದ ಹತ್ತಿರ ಬಂದ ಕೂಡಲೇ ಸರ್ರನೆ ಪಕ್ಕಕ್ಕೆ ತಿರುಗಿ ಓಡುತ್ತಿತ್ತು. ಎಡಕ್ಕೋ ಬಲಕ್ಕೋ ಅಂತ ಪಂಥ. ಸೋತರೆ ನಾನು ಅಳುತ್ತಿದ್ದೆ, ಸಿಟ್ಟಿಗೆ ಅವಳ ಜಡೆ ಎಳೆಯುತ್ತಿದ್ದೆ. ನನಗೆ ಆಗಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ.

ಮುಂದೆ ಪಾಲಿಟೆಕ್ನಿಕ್ಕಿನಲ್ಲಿ ಒಬ್ಬ ಮೇಷ್ಟ್ರು ಹೇಳಿದರು: ಕಬ್ಬಿಣದ ಕಂಬದ ಮೇಲೆ ಭಾರ ಇಟ್ಟರೆ ಆ ಭಾರ ಕಾಲುವೆಯ ನೀರಿನ ಹಾಗೆ ಕಂಬದೊಳಗೆ ಹರಿದು ಕೆಳಗಿಳಿಯುತ್ತದೆ. ನಡುವೆ ತೂತು ಸಿಕ್ಕರೆ ಅದರ ಎರಡೂ ಪಕ್ಕಕ್ಕೆ ಸರಿದು, ಅಲ್ಲಿ ಇಕ್ಕಟ್ಟಾಗಿ ನುಗ್ಗುತ್ತದೆ. ದುಂಡನೆಯ ತೂತಾದರೆ ಅಂಚಿನಲ್ಲಿ ಮೂರು ಪಟ್ಟು ಒತ್ತಡ. ಚೂಪು ಮೂಲೆಯ ಚೌಕದ ತೂತಾದರೆ ಇನ್ನೂ ಹೆಚ್ಚು, ಮೂಲೆ ಎಷ್ಟು ಚೂಪೋ ಅಷ್ಟು. ತಲೆಗೆ ಹೋಗಲಿ ಅಂತ ಪ್ರಯೋಗವನ್ನೂ ಮಾಡಿ ತೋರಿಸಿದರು. ತೂತು ಕೊರೆದ ಕಬ್ಬಿಣದ ತುಂಡಿಗೆ ಸುಣ್ಣ ಬಳಿದು, ಒಣಗಿಸಿ, ಯಂತ್ರದಲ್ಲಿ ಇಟ್ಟು ಒತ್ತಿದರು. ತುಂಡು ಬಾಗಿದ್ದು ಕಣ್ಣಿಗೆ ಕಾಣುವ ಎಷ್ಟೋ ಮೊದಲೇ ತೂತಿನ ಪಕ್ಕದಲ್ಲಿ ಸುಣ್ಣ ಗೆರೆ ಗೆರೆಯಾಗಿ ಉದುರಿತು. ಒಳಗೆ ಕಬ್ಬಿಣ ಸೋಲಲು ಶುರುಮಾಡಿದೆ ಅಂತ ಅರ್ಥ ಕಣ್ರಯ್ಯಾ ಅಂದರು.

ಅವರು ಇನ್ನೊಂದು ಮಾತು ಹೇಳಿದ್ದರು. ಕಂಬವನ್ನು ಮೇಲಿನಿಂದ ಒತ್ತುತ್ತಿದ್ದರೂ ತೂತಿನ ನೆತ್ತಿಯಲ್ಲಿ ಮತ್ತು ಬುಡದಲ್ಲಿ ಕಬ್ಬಿಣ ಎಳೆತಕ್ಕೆ ಸಿಕ್ಕಿರುತ್ತದೆ ಅಂತ. ನನಗೆ ನಂಬಿಕೆಯಾಗಲಿಲ್ಲ, ಒತ್ತಿದರೆ ಎಳೆತ ಎಲ್ಲಿಂದ ಬರುತ್ತದೆ ಸರ್ ಅಂದೆ. ಅವರು ತಮ್ಮ ಕಾಲಿನ ಹವಾಯಿ ಚಪ್ಪಲಿ ತೆಗೆದು, ಬಾರು ಕಿತ್ತು, ಎರಡೂ ಕೈಯಿಂದ ಉದ್ದಕ್ಕೆ ಒತ್ತಿ ಹಿಡಿದರು. ಬೆರಳಿನ ತೂತು ಅಡ್ಡಕ್ಕೆ ಹಿಗ್ಗಿ, ಅದರ ನೆತ್ತಿಯಲ್ಲಿದ್ದ ಸಣ್ಣ ಸೀಳು ಬಾಯಿ ತೆರೆಯಿತು. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಬರಿಗಾಲಲ್ಲೇ ಸ್ಟಾಫ್ ರೂಮಿಗೆ ಹೋದರು.

ಓದು ಮುಗಿಸಿ ನಾನು ಶೆಡ್ಡು ಕಟ್ಟುವ ಕೆಲಸ ಹಿಡಿದೆ. ಸಂಡೂರಿನ ಗಣಿಗಳಿಗೆ, ಬುಕ್ಕಸಾಗರದ ಗೋದಾಮುಗಳಿಗೆ, ಕಂಪ್ಲಿಯ ಗಿರಣಿಗಳಿಗೆ. ಅಕ್ಕನನ್ನು ಕೊಟ್ಟದ್ದು ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಗೆ. ಅವರ ಹಳೇ ಗಿರಣಿಯ ಕಲ್ಲುಗೋಡೆಯಲ್ಲಿ, ಮೋಟಾರಿನ ಪಕ್ಕ, ದೀಪದ ಗೂಡೊಂದಿತ್ತು. ಅಕ್ಕನ ಅತ್ತೆ ದಿನಾ ಸಂಜೆ ಅಲ್ಲಿ ದೀಪ ಹಚ್ಚುತ್ತಿದ್ದರು. ಹೊಸ ಭತ್ತ ಬಂದಾಗ ಆ ದೀಪ ಹಚ್ಚದೆ ಮೋಟಾರಿನ ಗುಂಡಿ ಒತ್ತುತ್ತಿರಲಿಲ್ಲ. ವರ್ಷಕ್ಕೊಮ್ಮೆ ಗೂಡಿಗೆ ಸುಣ್ಣ, ಸುಣ್ಣಕ್ಕೆ ಕೆಮ್ಮಣ್ಣಿನ ಅಂಚು. ಸಾಯುವಾಗ ಅವರು ಅಕ್ಕನ ಕೈ ಹಿಡಿದು, ದೀಪ ಬಿಡಬ್ಯಾಡವ್ವಾ ಅಂದಿದ್ದರಂತೆ.

ಆ ಹಳೇ ಗಿರಣಿ ಕೆಡವಿ ಕಬ್ಬಿಣದ ಹೊಸ ಶೆಡ್ಡು ಕಟ್ಟಿದವನು ನಾನೇ. ಮೂರು ಬದಿಯ ಕಬ್ಬಿಣದ ಚಾನೆಲ್ಲು ಎರಡೆರಡು ಎದುರುಬದುರು ಕೂಡಿಸಿ ವೆಲ್ಡ್ ಮಾಡಿದ, ಒಳಗೆ ಟೊಳ್ಳಾದ ಡಬ್ಬಿಯಂಥ ಕಂಬಗಳು. ಕಟ್ಟುವಾಗಲೇ ಅಕ್ಕ ಫೋನ್ ಮಾಡಿ, "ತಮ್ಮಾ, ಗ್ವಾಡಿ ಹೋತು. ಮೋಟರಿನ ಮಗ್ಗಲಿನ ಕಂಬದಾಗ ದೀಪಕ್ಕೊಂದು ಗೂಡು ಬಿಡಪಾ," ಅಂದಿದ್ದಳು. ಹೂಂ ಮಾಡೋಣ ಬಿಡು ಅಂದೆ. ಇನ್ನೊಮ್ಮೆ ಕೇಳಿದಳು. ಆತು ಬಿಡಕ್ಕಾ, ಎಷ್ಟು ಸಲ ಹೇಳ್ತಿ ಅಂದೆ. ಆಮೇಲೆ ಮರೆತೆ. ಕಂಬಕ್ಕೆ ಹೊರಗಿನಿಂದ ಒಂದು ಗಿಡ್ಡ ತಗಡಿನ ಪೆಟ್ಟಿಗೆ ಅಂಟಿಸಿದ್ದರೆ ಮುಗಿಯುತ್ತಿತ್ತು, ಅರ್ಧ ಗಂಟೆಯ ಕೆಲಸ.

ಅಕ್ಕ ಕಾದಳು. ಗಿರಣಿ ಶುರುವಾಗುವ ಹಿಂದಿನ ದಿನ ಕಂಪ್ಲಿಯಲ್ಲೇ ಯಾವನೋ ಗ್ಯಾಸ್ ಕಟಿಂಗಿನವನನ್ನು ಕರೆಸಿ, ಕಂಬದಲ್ಲಿ ಒಂದು ಗೇಣಿನ ಚೌಕದ ಕಿಂಡಿ ಹೊಡೆಸಿದಳು. ಕಲ್ಲುಗೋಡೆಯಲ್ಲಿ ಗೂಡು ಹೇಗಿತ್ತೋ ಹಾಗೆ, ನೆಟ್ಟಗೆ ನಾಲ್ಕು ಮೂಲೆ. ಗೋಡೆಗೂ ಕಂಬಕ್ಕೂ ವ್ಯತ್ಯಾಸವಿದೆ ಅಂತ ಅವಳಿಗೆ ಹೇಳುವವರು ಯಾರು? ಹೇಳಬೇಕಾದವನು ನಾನು, ಮರೆತು ಕೂತಿದ್ದೆ.

ಮರುದಿನ ಪೂಜೆಗೆ ಹೋದೆ. ನೂರು ಜನ ಸೇರಿದ್ದರು. ಅಕ್ಕ ರೇಷ್ಮೆ ಸೀರೆ ಉಟ್ಟು ಆಗಷ್ಟೇ ದೀಪ ಹಚ್ಚಿ ಕೈ ಮುಗಿಯುತ್ತಿದ್ದಳು. ನನಗೆ ಕಂಡದ್ದು ದೀಪ ಅಲ್ಲ, ಹಲ್ಲು ಹಲ್ಲಾಗಿ ಕತ್ತರಿಸಿದ ಆ ಅಂಚು. ನಾನು ಕಟ್ಟಿದ ಕಂಬಕ್ಕೆ ಇನ್ನೊಬ್ಬ ಕೈ ಹಾಕಿದ್ದ!

"ಯಾವ ಕತ್ತೆ ಮಾಡಿದ್ದು ಇದು?" ಅಂತ ಚೀರಿದೆ.

"ನಾನ ಮಾಡಿಸೀನಿ," ಅಂದಳು ಅಕ್ಕ, ಮೆಲ್ಲಗೆ. "ನೀ ಮಾಡ್ಲಿಲ್ಲಲ್ಲಾ."

ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. "ತಲಿ ಐತೇನು ನಿನಗ? ಈ ದೀಪದ ಸಲುವಾಗಿ ಒಂದಿನ ಇಲ್ಲಿ ಹತ್ತು ಮಂದಿ ಹೆಣ ಬೀಳ್ತಾವ ನೋಡ್ತಿರು!"

ದೀಪದ ಮುಂದೆ, ಹೊಸ ಗಿರಣಿಯ ಮೊದಲ ದಿನ, ಹೆಣ ಅನ್ನುವ ಮಾತು ಆಡಿದೆ. ಒಬ್ಬ ಮುದುಕಿ ಬಿಡ್ತು ಅನ್ನಪಾ, ಬಿಡ್ತು ಅನ್ನು ಅಂದಳು. ನಾನು ಅನ್ನಲಿಲ್ಲ. ಅಕ್ಕ ನನ್ನ ಮುಖ ನೋಡಲಿಲ್ಲ, "ಊಟಾ ಮಾಡ್ಕೊಂಡು ಹೋಗು," ಅಂದಳು ಅಷ್ಟೇ. ಅದನ್ನೂ ಮಾಡದೆ ಗಾಡಿ ಹತ್ತಿದೆ.

ಮರುದಿನ ವರ್ಕ್‌ಶಾಪಿನಲ್ಲಿ ಕೂತು, ವೆಲ್ಡಿಂಗ್ ಕಡ್ಡಿಯ ರಟ್ಟಿನ ಡಬ್ಬಿ ಹರಿದು, ಅದರ ಒಳಮೈಯಲ್ಲಿ ಲೆಕ್ಕ ಹಾಕಿದೆ. ಚೂಪು ಮೂಲೆಯ ಹೆಚ್ಚಿನ ಒತ್ತಡವನ್ನೂ ಲೆಕ್ಕಕ್ಕೆ ಹಿಡಿದೆ. ಎರಡು ಸಲ ಹಾಕಿದೆ. ಆ ಕಂಬದ ಮೇಲಿದ್ದದ್ದು ಬರೀ ಛಾವಣಿಯ ತಗಡು. ಕಿಂಡಿ ಇದ್ದರೂ ಕಂಬಕ್ಕೆ ಆ ಭಾರ ಏನೇನೂ ಅಲ್ಲ. ಮೇಲೆ ಹೊಸ ಭಾರ ಬೀಳದಿದ್ದರೆ ಅಕ್ಕನ ಮೊಮ್ಮಕ್ಕಳ ಕಾಲಕ್ಕೂ ಅದು ನಿಂತಿರುತ್ತಿತ್ತು. ಅಂದರೆ ನಾನು ಆಡಿದ್ದು ಬರೀ ಸಿಟ್ಟಿನ ಮಾತು.

ಫೋನ್ ಮಾಡಿ, ಅಕ್ಕಾ ತಪ್ಪಾತು, ಕಂಬಕ್ಕೇನೂ ಆಗಲ್ಲ, ಅದರ ಮೇಲೆ ಮತ್ತೇನೂ ಇಡಬೇಡಿ ಅಷ್ಟೇ ಅನ್ನಬೇಕಿತ್ತು. ಎರಡು ನಿಮಿಷದ ಮಾತು. ಆದರೆ ಬೈದದ್ದು ಸರಿ ಅನ್ನುವ ಜಂಬ ಬಿಡಲು ಮನಸ್ಸಾಗಲಿಲ್ಲ. ಅವಳೇ ಮಾಡಲಿ, ನನ್ನನ್ನು ಕೇಳದೆ ಕಿಂಡಿ ಹೊಡೆಸಿದವಳು ಅವಳಲ್ಲವೇ ಅಂತ ಕೂತೆ. ವಾರ ಕಳೆಯಿತು, ತಿಂಗಳು ಕಳೆಯಿತು. ತಡವಾದಷ್ಟೂ ನಾಲಿಗೆ ಹೊರಳದಾಯಿತು. ರಟ್ಟಿನ ಚೂರು ಮೇಜಿನ ಡ್ರಾಯರಿನಲ್ಲಿ ಉಳಿಯಿತು.

ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಬರುವುದು ಅಣ್ಣತಮ್ಮಂದಿರ ಕೆಲಸ. ಅಪ್ಪ ಅವ್ವ ತೀರಿಕೊಂಡ ಮೇಲೆ ಅಕ್ಕನ ತವರು ಅಂದರೆ ನಾನೇ. ಪ್ರತಿ ವರ್ಷ ಹೋಗಿ ಕರೆತರುತ್ತಿದ್ದೆ. ವರ್ಕ್‌ಶಾಪಿನ ದೊಡ್ಡ ಗರ್ಡರಿಗೆ ಸರಪಳಿ ಸುತ್ತಿ ಜೋಕಾಲಿ ಕಟ್ಟುತ್ತಿದ್ದೆ. ಐವತ್ತು ದಾಟಿದ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿಂತುಕೊಂಡೇ ಜೀಕುತ್ತಿದ್ದಳು, "ಇನ್ನೂ ಜೋರು ನೂಕಲೇ, ಉಂಡಿಲ್ಲೇನು?" ಅಂತ ನನ್ನನ್ನೇ ಬೈಯುತ್ತಿದ್ದಳು. ಜಗಳದ ನಂತರದ ಮೊದಲ ಪಂಚಮಿಗೆ ನಾನು ಕರೆಯಲು ಹೋಗಲಿಲ್ಲ. ಹಬ್ಬದ ಮರುದಿನ ಅವರ ಗಿರಣಿಯ ಲಾರಿ ಡ್ರೈವರು ಒಂದು ಸ್ಟೀಲಿನ ಡಬ್ಬಿ ತಂದುಕೊಟ್ಟ. ಶೇಂಗಾ ಉಂಡಿ, ಎಳ್ಳಿನ ಉಂಡಿ, ಕೆಳಗೆ ಜೋಳದ ಅರಳಿನ ಅಳ್ಳಿಟ್ಟು. ಏನಾದರೂ ಹೇಳಿ ಕಳಿಸಿದ್ದಾಳೇನು ಅಂದೆ. ಇಲ್ರಿ, ಡಬ್ಬಿ ಕೊಟ್ಟು ಬಾ ಅಂದ್ರು ಅಂದ. ಖಾಲಿ ಡಬ್ಬಿ ತಿರುಗಿ ಕಳಿಸಬಾರದು ಅಂತ ನನ್ನ ಹೆಂಡತಿ ಅದಕ್ಕೆ ಸಕ್ಕರೆ ತುಂಬಿ ಕಳಿಸಿದಳು. ಮುಂದಿನ ವರ್ಷವೂ ಡಬ್ಬಿ ಬಂತು. ಅದರ ಮುಂದಿನ ವರ್ಷವೂ.

ನಾನು ಆ ಉಂಡಿಗಳನ್ನು ಮನೆಗೆ ಒಯ್ಯುವ ಮೊದಲು ಒಂದನ್ನು ಎತ್ತಿಕೊಂಡು, ಗ್ಯಾಸ್ ಸಿಲಿಂಡರುಗಳ ಹಿಂದೆ ಹೋಗಿ, ಯಾರೂ ನೋಡದ ಹಾಗೆ ತಿನ್ನುತ್ತಿದ್ದೆ. ಬೆಲ್ಲಕ್ಕೆ ಏಲಕ್ಕಿ ಜಾಸ್ತಿ ಹಾಕುವುದು ಅಕ್ಕನ ಚಟ. ಅಕ್ಕನ ದನಿ ಕೇಳಬೇಕು, ಬೈದರೂ ಸರಿ, ಲೇ ಅಂದರೆ ಸಾಕು ಅನ್ನಿಸುತ್ತಿತ್ತು. ಸಂಡೂರಿನ ಕೆಲಸಕ್ಕೆ ಹೋದಾಗ, ಬಂಡ್ರಿಯ ಹತ್ತಿರ ಚಹಾ ಕುಡಿಯುತ್ತಾ ಕೂತಾಗ, ಫೋನು ತೆಗೆದು ಅವಳ ನಂಬರು ನೋಡಿ ಮತ್ತೆ ಜೇಬಿಗೆ ಹಾಕುತ್ತಿದ್ದೆ. ಕಂಪ್ಲಿಯ ಕೆಲಸಕ್ಕೆ ಹೋದಾಗ ಅವರ ಗಿರಣಿಯ ಮುಂದೆ ಗಾಡಿ ನಿಧಾನ ಮಾಡಿ, ಅಂಗಳದಲ್ಲಿ ಯಾವುದಾದರೂ ಸೀರೆ ಕಾಣುತ್ತದೇನು ಅಂತ ನೋಡಿ ಮುಂದೆ ಹೋಗುತ್ತಿದ್ದೆ. ಮನಸ್ಸನ್ನು ಎಷ್ಟು ಒತ್ತಿ ಹಿಡಿದರೂ ಎಳೆಯುವುದು ಎಳೆಯುತ್ತಲೇ ಇತ್ತು. ಮೇಷ್ಟ್ರ ಚಪ್ಪಲಿ ನೆನಪಾಗುತ್ತಿತ್ತು.

ಸುಣ್ಣದ ಫೋನು ಬಂದ ದಿನ ನಾಲ್ಕು ಜಾಕಿ, ವೆಲ್ಡಿಂಗ್ ಮಷೀನು, ದಪ್ಪ ಪ್ಲೇಟುಗಳನ್ನು ಟೆಂಪೋಕ್ಕೆ ಹೇರಿ, ಇಬ್ಬರು ವೆಲ್ಡರುಗಳನ್ನು ಕೂರಿಸಿಕೊಂಡು ಹೊರಟೆ. ಕಮಲಾಪುರ ದಾಟಿ ಬುಕ್ಕಸಾಗರದ ದಾರಿ. ಎರಡೂ ಕಡೆ ಗದ್ದೆಗಳಲ್ಲಿ ನಾಟಿ ನಡೆದಿತ್ತು, ಕಾಲುವೆ ತುಂಬಿ ಹರಿಯುತ್ತಿತ್ತು. ಯಾವ ಹೊತ್ತಿಗೆ ಮತ್ತೆ ಫೋನು ಬರುತ್ತದೋ ಅಂತ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಗಿರಣಿಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಮುಂಗೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕಾಲು ಮುಟ್ಟಲು ಬಗ್ಗುವಷ್ಟರಲ್ಲಿ, "ಮೊದ್ಲ ಕಂಬಾ ನೋಡು," ಅಂದಳು.

ಕಂಬ ನೋಡಿದೆ. ಕಿಂಡಿಯ ಪಕ್ಕದ ಕಬ್ಬಿಣ ಬೆರಳಿಗೆ ಸಿಗುವಷ್ಟು ಉಬ್ಬಿತ್ತು. ಕಂಬ ಹೊತ್ತ ತೊಲೆಯ ಮೇಲೆ ಆನೆಯಷ್ಟು ದೊಡ್ಡ ಟ್ಯಾಂಕಿ, ತುಂಬ ಭತ್ತ. ತಡೆಯಲಾಗಲಿಲ್ಲ, ಮಾವನ ಮೇಲೆ ಹರಿಹಾಯ್ದೆ. "ಯಾರನ್ನ ಕೇಳಿ ಕುಂದ್ರಿಸಿದ್ರಿ ಮಾವ ಇದನ್ನ?"

ಅಕ್ಕನ ಗಂಡ ಮೆತ್ತನೆಯ ಮನುಷ್ಯ. "ನಿನ್ನ ಕೇಳೂಣಂದ್ರ ನೀ ಈ ಕಡೆ ತಲಿ ಹಾಕ್ತಿದ್ದಿಲ್ಲಲ್ಲಪಾ," ಅಂದರು. ನಾನು ಜಾಕಿ ತರಲು ಟೆಂಪೋದ ಕಡೆ ಹೋದೆ.

ಕೆಲಸ ಶುರು ಮಾಡಿದೆವು. ಮೊದಲು ಕಂಬದ ಎರಡೂ ಕಡೆ ಜಾಕಿ ನಿಲ್ಲಿಸಿ ತೊಲೆಯ ಭಾರವನ್ನು ಅವುಗಳ ಮೇಲೆ ತೆಗೆದುಕೊಂಡೆವು. ಆಮೇಲೆ ಟ್ಯಾಂಕಿಯ ಭತ್ತವನ್ನೆಲ್ಲ ಚೀಲಗಳಿಗೆ ಇಳಿಸಿದೆವು. ಅಷ್ಟಾಗುವಾಗ ಸಂಜೆಯಾಗಿತ್ತು. ಅಕ್ಕ ಎಣ್ಣೆಯ ಗಿಂಡಿ ಹಿಡಿದು ಬಂದಳು. ಅವಳನ್ನು ಕಂಡದ್ದೇ ತಡ, ಅಕ್ಕಿ ಕೇರುತ್ತಿದ್ದ ಹೆಂಗಸರು, ಚೀಲ ಹೊರುವವರು, ಎಲ್ಲ ಕೈಕೆಲಸ ಬಿಟ್ಟು ಹೊರಗೆ ನಡೆದರು. ಯಾರೂ ಹೇಳಲಿಲ್ಲ, ತಾವೇ ಹೋದರು. ಇದೇನು ಅಂತ ಒಬ್ಬ ಹೆಂಗಸನ್ನು ಕೇಳಿದೆ.

"ಅವ್ವಾರು ದೀಪಾ ಹಚ್ಚೋ ಹೊತ್ತಿಗೆ ಯಾರೂ ಒಳಗ ಇರಂಗಿಲ್ರಿ. ಈ ಹೊಸಾ ಗಿರಣಿ ಶುರು ಆದಾಗಿಂದ ಹಂಗ. ಬುತ್ತಿ ಉಣ್ಣಾಕೂ ಆ ಕಂಬದ ಕಡೆ ಕುಂದ್ರಗೊಡಂಗಿಲ್ರಿ."

ಎಂಥದೋ ಮಡಿ ಅಂದುಕೊಂಡೆ. ಒಳಗೊಳಗೇ ರೇಗಿತು ಕೂಡಾ, ದುಡಿಯುವವರನ್ನು ದೀಪದಿಂದ ದೂರ ಇಡುವ ಮಡಿ ನಮ್ಮ ಅಕ್ಕನಿಗೆ ಯಾವಾಗ ಬಂತು ಅಂತ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿ, "ನೀನೂ ಹೊರಗ ಹೋಗಪಾ," ಅಂದಳು. ಅದು ಎದೆಗೆ ಚುಚ್ಚಿತು. ಅವತ್ತಿನ ಮಾತು ಮರೆತಿಲ್ಲ, ದೀಪದ ಮುಂದೆ ನನ್ನ ಮುಖ ಇರುವುದು ಬೇಡ ಅಂತ ತಾನೇ? ಹೊರಗೆ ಹೋಗಿ ಭತ್ತದ ಚೀಲದ ಮೇಲೆ ಕೂತೆ. ಕಣ್ಣು ತುಂಬಿದವು, ಧೂಳು ಬಿತ್ತು ಅಂತ ವೆಲ್ಡರಿಗೆ ಹೇಳಿದೆ.

ಮರುದಿನ ಪೂರ್ತಿ ಕೆಲಸ. ಕಿಂಡಿ ಮುಚ್ಚಿಬಿಡೋಣ ಸರ ಅಂದರು ವೆಲ್ಡರುಗಳು. ಬೇಡ ಅಂದೆ. ನಾಲ್ಕೂ ಮೂಲೆಗಳನ್ನು ದುಂಡಗೆ ಮಾಡಿಸಿದೆ, ಭಾರಕ್ಕೆ ಸುತ್ತಿ ಹೋಗಲು ದಾರಿ ಸಲೀಸಾಗಲಿ ಅಂತ. ಕಿಂಡಿಯ ಸುತ್ತ ದಪ್ಪ ಪಟ್ಟಿಯ ಚೌಕಟ್ಟು, ಉಬ್ಬಿದ ಎರಡೂ ಪಕ್ಕಕ್ಕೆ ನೆಲದಿಂದ ತೊಲೆಯವರೆಗೆ ಪ್ಲೇಟು. ಅಂಚನ್ನು ಕೊನೆಗೆ ನಾನೇ ಕೈಯಲ್ಲಿ ಅರ ಹಿಡಿದು ಉಜ್ಜಿದೆ, ಬೆರಳಾಡಿಸಿದರೆ ಎಲ್ಲೂ ತರಚಬಾರದು, ಹಾಗೆ. ಮಧ್ಯಾಹ್ನ ಅಕ್ಕ ರೊಟ್ಟಿ ಬಡಿಸಿದಳು. ಬೇಕೇನು ಅಂತಷ್ಟೇ ಕೇಳುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಬಿಟ್ಟು ಹೋಗಿದ್ದ ಊಟ ಅದು. ತಲೆ ಎತ್ತದೆ ಉಂಡೆ.

ಸಂಜೆ ಜಾಕಿ ಇಳಿಸಿದೆವು. ಕಂಬ ಅಲುಗಲಿಲ್ಲ. ಅಕ್ಕ ಗಿಂಡಿ ಹಿಡಿದು ಬಂದಳು, ಜನ ಎದ್ದು ಹೊರಗೆ ಹೋದರು. ನಾನು ಹೋಗಲಿಲ್ಲ.

"ಹೋಗು ತಮ್ಮಾ."

"ಯಾಕಕ್ಕಾ? ನನ್ನ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲೇನು? ಈಗ ಈ ಕಂಬಕ್ಕ ಎರಡು ಟ್ಯಾಂಕಿ ಇಟ್ರೂ ಏನೂ ಆಗಂಗಿಲ್ಲ."

"ಖರೇನಾ?" ಅಂದಳು. ಐವತ್ತೈದು ದಾಟಿದ ಹೆಂಗಸು, ಸಣ್ಣ ಹುಡುಗಿಯ ಹಾಗೆ ಕೇಳಿದಳು. "ಖರೇನ ಬೀಳಂಗಿಲ್ಲ?"

"ಬೀಳಂಗಿಲ್ಲ."

ಅವಳು ಗಿಂಡಿಯನ್ನು ಕೆಳಗಿಟ್ಟಳು. "ಸಿಟ್ಟಲ್ಲೋ. ಅವತ್ತು ನೀ ಈ ದೀಪದ ಸಲುವಾಗಿ ಹತ್ತು ಮಂದಿ ಹೆಣ ಬೀಳ್ತಾವ ಅಂದಿದ್ದಿ. ಈ ಕೆಲಸಾ ಗೊತ್ತಿದ್ದಂವ, ಸುಮ್ನ ಅಂದಿರಂಗಿಲ್ಲ ಅಂತ ನಂಬಿದೆ. ಅತ್ತೆಗೆ ಮಾತು ಕೊಟ್ಟಿದ್ದೆ, ದೀಪಾ ಬಿಡಾಕ ಆಗ್ಲಿಲ್ಲ. ಗೂಡು ಮುಚ್ಚಿಸಿದ್ರ ನಿನ್ನ ಮಾತು ಖರೇ ಅಂತ ಕೆಲಸದ ಮಂದಿ ಅಂಜತಿದ್ರು. ಅದಕ್ಕ ಹಚ್ಚೋ ಹೊತ್ತಿಗೆ ಎಲ್ಲಾರನ್ನೂ ಹೊರಗ ಕಳಸ್ತಿದ್ದೆ. ಬೀಳೋದಾದ್ರ ನನ್ನ ಒಬ್ಬಾಕಿ ಮ್ಯಾಲೆ ಬೀಳ್ಲಿ ಅಂತ."

ಈಗಲೂ ಸುಮ್ಮನಿರಬಹುದಿತ್ತು. ಡ್ರಾಯರಿನ ರಟ್ಟಿನ ಚೂರು ನನ್ನನ್ನು ಬಿಟ್ಟು ಇನ್ನಾರಿಗೂ ಗೊತ್ತಿಲ್ಲ.

"ಅಕ್ಕಾ, ನಾ ಮರುದಿನಾನ ಲೆಕ್ಕಾ ಹಾಕಿದ್ದೆ," ಅಂದೆ. "ಟ್ಯಾಂಕಿ ಇಲ್ಲದಾಗ ಈ ಕಂಬಕ್ಕ ಏನೂ ಆಗ್ತಿದ್ದಿಲ್ಲ. ಗೊತ್ತಿದ್ದೂ ನಿನಗ ಹೇಳ್ಲಿಲ್ಲ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಒಂದು ಫೋನ್ ಮಾಡಬಾರದೇನಲೇ," ಅಂದಳು. "ದಿನಾ ಸಂಜಿಗೆ ಕೈ ನಡಗ್ತಿತ್ತು ನನಗ."

ಆಮೇಲೆ ಬಾಗಿಲ ಕಡೆ ತಿರುಗಿ, "ಬರ್ರೆವಾ, ಎಲ್ಲಾರೂ ಒಳಗ ಬರ್ರಿ," ಅಂತ ಕೂಗಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಸ್ತಿಲಲ್ಲೇ ನಿಂತರು. ಅವಳು ಮತ್ತೊಮ್ಮೆ ಕರೆದಳು, ಬಂದು ಕಂಬದ ಸುತ್ತ ನಿಂತರು. ಅಕ್ಕ ಬತ್ತಿ ಹೊಸೆದು, ಎಣ್ಣೆ ಹಾಕಿ, ಕಡ್ಡಿ ಗೀರಿದಳು. ಕಂಬ ಗಟ್ಟಿಯಾಗಿತ್ತು, ಸುತ್ತ ಅಷ್ಟು ಜನ ಇದ್ದರು, ಆದರೂ ಅವಳ ಕೈ ನಡುಗುತ್ತಲೇ ಇತ್ತು. ಮೊದಲ ಕಡ್ಡಿ ಆರಿತು, ಎರಡನೆಯದೂ ಆರಿತು. ಮೂರನೆಯದಕ್ಕೆ ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ, ಆಗ ಹತ್ತಿತು.